ಮೂವತ್ತೇಳನೇ ಪುಟದ ಕಡಲೆಕಾಯಿ

೮-೬-೧೯೯೮, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು. ಚಳ್ಳಕೆರೆ ತಾಲ್ಲೂಕು ಕಚೇರಿಯ ಮುಂದೆ ನನ್ನ ಮೇಜು ಇರಲಿಲ್ಲ. ಮೇಜಿದ್ದ ಜಾಗದಲ್ಲಿ ನಾನು ಹದಿನೆಂಟು ವರ್ಷದಿಂದ ಬರೆದ ಅರ್ಜಿಗಳೆಲ್ಲ ರಾಶಿ ಬಿದ್ದಿದ್ದವು, ಮಂಡಿಯಲ್ಲಿ ಶೇಂಗಾ ಸುರಿದ ಹಾಗೆ. ಸಾಹೇಬರು ಒಂದೊಂದನ್ನೇ ಎತ್ತಿ, ಒಂದು ಅಕ್ಷರಕ್ಕೆ ಕೆಂಪು ಸುತ್ತು ಹಾಕಿ, ಹೆಸರು ಕೂಗುತ್ತಿದ್ದರು. ಅರ್ಜಿದಾರರ ಹೆಸರಲ್ಲ, ಪ್ರತಿ ಸಲವೂ “ತಿಪ್ಪೇರುದ್ರ! ತಿಪ್ಪೇರುದ್ರ!” ಎಂದು ನನ್ನದೇ. ಸುತ್ತ ನಿಂತವರು ನಗುತ್ತಿದ್ದರು.

ಎದ್ದು ಸರ್ವಮಂಗಳಳಿಗೆ ಹೇಳಿದೆ. “ಮಲಗೋ ಮುಂಚೆ ಅಷ್ಟೊಂದು ಬಜ್ಜಿ ತಿಂದ್ರೆ ಸಾಹೇಬ್ರಲ್ದೆ ಇನ್ಯಾರು ಬರ್ತಾರೆ?” ಎಂದು ಒಲೆ ಕಡೆ ಹೋದಳು. ನನ್ನ ಹೆಂಡತಿಗೆ ಎಲ್ಲ ಕಾಯಿಲೆಗೂ ಹೊಟ್ಟೆಯೇ ಕಾರಣ.

ಕಾರಣ ನನಗೆ ಗೊತ್ತಿದೆ. ಜಂಬುಲಿಂಗಪ್ಪ ಮೇಷ್ಟ್ರ ಕಾದಂಬರಿ ಅಚ್ಚಾಗುತ್ತಿದೆ. ಮೇಷ್ಟ್ರು ದುರ್ಗದ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವರು. ಕಣ್ಣಿಗೆ ಪೊರೆ ಬಂದಿದೆ. ದಪ್ಪ ಸ್ಕೆಚ್ ಪೆನ್ನಿನಲ್ಲಿ, ಹಾಳೆಯ ಒಂದೇ ಮಗ್ಗುಲಿಗೆ, ಒಂದು ಪುಟಕ್ಕೆ ಹತ್ತು ಸಾಲಿನಂತೆ ಬರೆಯುತ್ತಾರೆ. ಅದನ್ನು ದುಂಡಗೆ ನಕಲು ಮಾಡುವುದು ನನ್ನ ಕೆಲಸ. ಪ್ರೆಸ್ಸಿನಲ್ಲಿ ಕರಡು ತಿದ್ದುವುದೂ ನಾನೇ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಮತ್ತೆ ಸೇರಿ, ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಗೋತಾ ಹೊಡೆದವನ ಕೈಗೆ ಇಂಥ ಪುಸ್ತಕ ಕೊಟ್ಟಿದ್ದಾರೆ. ಹೆದರಿಕೆ ಆಗದೆ ಇರುತ್ತದೆಯೇ?

ಎರಡು ಸಾವಿರದ ಇನ್ನೂರು ವರ್ಷದ ಹಿಂದೆ, ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಪಕ್ಕ ಇಸಿಲ ಎಂಬ ಪಟ್ಟಣ ಇತ್ತಂತೆ. ಅಲ್ಲಿ ಅಶೋಕನ ಶಾಸನವನ್ನು ಬಂಡೆಗೆ ಬರೆದವನು ಚಪಡ. ಬರೆದು ಮುಗಿಸಿ, ಕೊನೆಗೆ ತನ್ನ ಹೆಸರನ್ನೂ ಹಾಕಿ, ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಹೋಗುವ ವಾಯವ್ಯ ದೇಶದ ಲಿಪಿಯಲ್ಲಿ ಬರೆದಿದ್ದಾನಂತೆ. ಅಷ್ಟು ದೂರದ ಲಿಪಿ ಬಲ್ಲವನು ನಮ್ಮ ಕುರುಚಲು ಗುಡ್ಡಕ್ಕೆ ಯಾಕೆ ಬಂದ, ಇಲ್ಲಿ ಹೇಗೆ ಬದುಕಿದ, ಅದೇ ಕಾದಂಬರಿ. ಜುಲೈ ಹನ್ನೆರಡಕ್ಕೆ ದುರ್ಗದಲ್ಲಿ ಇತಿಹಾಸದವರ ಸಭೆ. ಅಲ್ಲೇ ಬಿಡುಗಡೆ.

ಇವತ್ತು ಮೂರನೇ ಫಾರಂ ಅಚ್ಚಾಯಿತು. ಹದಿನಾರು ಪುಟಕ್ಕೆ ಒಂದು ಫಾರಂ. ಸಂಜೆ ಮನೆಗೆ ಬಂದಮೇಲೂ ಪ್ರೆಸ್ಸಿನ ಬಾಗಿಲು ಹಾಕಿದರೋ ಇಲ್ಲವೋ ಎಂದು ಎರಡು ಸಲ ಹೋಗಿ ನೋಡಿ ಬಂದೆ. ಪ್ರೆಸ್ಸು ನನ್ನದಲ್ಲ.

೧೦-೬-೧೯೯೮, ಬುಧವಾರ

ಹೇಗೆ ಬರೆಯಲಿ. ಬರೆದರೆ ನಿಜವಾಗಿಬಿಡುತ್ತದೆ.

ಪ್ರೆಸ್ಸಿಗೆ ಹೋದಾಗ, ಅದನ್ನು ನಡೆಸುವ ಹನುಮಣ್ಣ ಒಂದು ಹಾಳೆ ಕೈಗಿತ್ತ. “ಲೇ ರುದ್ರ, ಇದೊಂದು ಕರಡು ನೋಡ್ಬಿಡೋ. ಬಿತ್ತನೆಗೆ ಮುಂಚೆ ರೈತರಿಗೆ ಹಂಚ್ಬೇಕಂತೆ.” ಶೇಂಗಾ ಬೇಸಾಯದ ಕರಪತ್ರ. ಬಾಲ್‌ಪೆನ್ನು ತೆಗೆದು ಕೂತೆ. ಮೊದಲ ಸಾಲು: ಶೇಂಗಾ ಮೂಲತಃ ನಮ್ಮ ದೇಶದ ಬೆಳೆಯಲ್ಲ, ಸುಮಾರು ನಾನೂರು ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಿಂದ ಬಂದದ್ದು.

‘ಮೂಲತಃ’ದ ವಿಸರ್ಗ ಸರಿಯಾಗಿದೆಯೇ ಎಂದು ನೋಡಿ ಮುಂದಿನ ಸಾಲಿಗೆ ಹೋದವನು ಅಲ್ಲಿಂದ ವಾಪಸು ಬಂದೆ. ನಾನೂರು ವರ್ಷ.

ಮೂಲೆಯಲ್ಲಿ ಮೂರನೇ ಫಾರಂ ಐನೂರು ಪ್ರತಿ ಒಣಗಲು ಇಟ್ಟಿದ್ದಾರೆ. ಮೇಲಿನದನ್ನು ಎತ್ತಿದೆ. ಮೂವತ್ತೇಳನೇ ಪುಟ, ಹನ್ನೆರಡನೇ ಸಾಲು. ‘ಇಸಿಲದ ಆ ಹೆಂಗಸು ಮಡಿಲಿನಿಂದ ಒಂದು ಹಿಡಿ ಹುರಿದ ಕಡಲೆಕಾಯಿ ತೆಗೆದು ಪರದೇಶಿಯ ಬೊಗಸೆಗೆ ಸುರಿದಳು.’

ಕಡಲೆಕಾಯಿ. ಶೇಂಗಾ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ.

ಮೇಷ್ಟ್ರು ಹಾಗೆ ಬರೆದಿರಲಾರರು. ಅವರು ‘ಕಡಲೆ’ ಎಂದು ಬರೆದಿರಬೇಕು. ‘ಕಾಯಿ’ ನಾನು ಸೇರಿಸಿದ್ದು. ಹೇಗೆ ಸೇರಿತು ಎಂದೂ ನನಗೆ ಗೊತ್ತು. ಬೆಳೆ ವಿಮೆಗೆ, ಪಹಣಿಗೆ ಅರ್ಜಿ ಬರೆಸಲು ಬಂದವರು “ಎರಡೆಕ್ರೆ ಕಡ್ಲೆ” ಎನ್ನುತ್ತಾರೆ. ನಮ್ಮಲ್ಲಿ ಅಂದರೆ ಅದು ಕಡಲೆಕಾಯಿಯೇ. ಆದರೆ ಕಚೇರಿಯವರು ಕಡಲೆ ಎಂದರೆ ಕಡಲೆಬೇಳೆಯ ಕಡಲೆ ಎಂದುಕೊಂಡು ಅರ್ಜಿ ವಾಪಸು ಕಳಿಸುತ್ತಾರೆ. ಅದಕ್ಕೆ ಅವರ ಬಾಯಿಂದ ಕಡಲೆ ಬಂದರೆ ನನ್ನ ಕೈಯಿಂದ ಕಡಲೆಕಾಯಿ ಬರುತ್ತದೆ. ಹದಿನೆಂಟು ವರ್ಷದ ರೂಢಿ. ಕೈಗೆ ಇಸಿಲ ಯಾವುದು, ಚಳ್ಳಕೆರೆ ಯಾವುದು ಎಂದು ಗೊತ್ತಾಗುತ್ತದೆಯೇ?

ಹನುಮಣ್ಣ “ಯಾಕೋ, ದೆವ್ವ ಕಂಡಂಗೆ ನಿಂತೀಯಾ?” ಅಂದ. ತಲೆ ಸುತ್ತು ಎಂದು ಹೇಳಿ ಬಂದೆ. ಕರಪತ್ರವನ್ನು ಪೂರ್ತಿ ನೋಡಿದೆನೋ ಇಲ್ಲವೋ ನೆನಪಿಲ್ಲ.

೧೧-೬-೧೯೯೮, ಗುರುವಾರ

ಏನೂ ಬರೆಯಲಾರೆ. ಸರ್ವಮಂಗಳಳಿಗೆ ಹೊಟ್ಟೆ ನೋವು ಎಂದು ಹೇಳಿ ಊಟ ಬಿಟ್ಟೆ.

೧೪-೬-೧೯೯೮, ಭಾನುವಾರ

ಮೇಷ್ಟ್ರ ಮನೆಗೆ ಹೋಗಿದ್ದೆ. ಹೇಳಿಯೇ ಬಿಡಬೇಕು ಎಂದು ಹೋದವನು ಹೇಳದೆ ಬಂದೆ. ಮೇಷ್ಟ್ರು ಮಲಗಿದ್ದರು. ಅವರ ಹೆಂಡತಿ ಮಂಜುಳಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದರು.

“ಅಮ್ಮ, ಮೇಷ್ಟ್ರು ಬರೆದ ಮೊದಲಿನ ಹಾಳೆಗಳು ಇದಾವೇನ್ರಿ?”

“ಅವಾ? ನೀನು ನಕಲು ಮಾಡಿ ತಂದ್ಕೊಟ್ಟಂಗೆಲ್ಲ ಬಚ್ಚಲ ಒಲೆಗೆ ಹಾಕಿದೀನಪ್ಪ. ಆ ಚಪಡನ ದೆಸೆಯಿಂದ ಆರು ತಿಂಗಳು ಬಿಸಿನೀರಿಗೆ ಪುಳ್ಳೆ ಹುಡುಕೋದು ತಪ್ತು. ಯಾಕೆ, ಏನಾರ ಬೇಕಿತ್ತಾ?”

“ಏನಿಲ್ಲ” ಎಂದೆ.

ಮೇಷ್ಟ್ರು ಬರೆದದ್ದು ಬೂದಿಯಾಗಿದೆ. ಉಳಿದಿರುವುದು ನನ್ನ ಅಕ್ಷರವೊಂದೇ.

ಸರ್ವಮಂಗಳಳಿಗೆ ಎಲ್ಲ ಹೇಳಿದೆ. ಅವಳು ಮೊದಲು ನಕ್ಕಳು. ನನ್ನ ಮುಖ ನೋಡಿ ಹತ್ತಿರ ಬಂದು ಕೂತಳು. “ಹೋಗಿ ಹೇಳ್ರಿ. ಹೇಳ್ದಿದ್ರೆ ನೀವು ಹಿಂಗೇ ಒಣಗಿ ಕಡ್ಡಿ ಆಗ್ತೀರ. ಮೇಷ್ಟ್ರು ಹೊಡೀತಾರಾ?”

ಹೊಡೆದರೆ ಒಳ್ಳೆಯದಿತ್ತು.

೧೭-೬-೧೯೯೮, ಬುಧವಾರ

ಹೇಳಿದೆ.

ಮೇಷ್ಟ್ರು ಜಗುಲಿಯ ಮೇಲೆ, ಬೆಳಕಿಗೆ ಬೆನ್ನು ಕೊಟ್ಟು ಕೂತಿದ್ದರು. ನಾನು ನಿಂತೇ ಇದ್ದೆ.

“ಮೇಷ್ಟ್ರೆ, ಮೂರನೇ ಫಾರಮ್ಮಿನಾಗೆ ಒಂದು ತಪ್ಪು ಬಂದೈತೆ.”

“ಒತ್ತಕ್ಷರನಾ?”

“ಅಲ್ಲ. ಕಳ್ಳೇಕಾಯಿ.”

“ಎಲ್ಲಿ?”

“ಇಸಿಲದಾಗೆ.”

ಅವರು ನಕ್ಕರು. ಆಮೇಲೆ ನಗು ನಿಂತಿತು. ಪುಟ ಓದಿಸಿದರು. ಮತ್ತೊಮ್ಮೆ ಓದಿಸಿದರು.

“ನಾನು ಬರೆದಿದ್ದು ಕಡಲೆ. ಕಾಯಿ ಎಲ್ಲಿಂದ ಬಂತಯ್ಯಾ?”

“ನನ್ನ ಕೈಯಿಂದ ಬಂದಿರ್ಬೇಕು ಮೇಷ್ಟ್ರೆ.”

“ಆ ಮಣ್ಣಿನಾಗೆ ಏನೇನು ಸಿಕ್ಕೈತೆ, ಏನೇನು ಸಿಕ್ಕಿಲ್ಲ ಅಂತ ಒಂದೊಂದು ಕಾಳು ನೋಡಿ ಬರೆದೋನು ನಾನು. ಎರಡು ಕಾದಂಬರಿ ಬರೆದ್ಮೇಲೆ ದುರ್ಗದೋರು ನನ್ನನ್ನ ಇತಿಹಾಸದೋನು ಅನ್ನೋದೇ ಬಿಟ್ಟವ್ರೆ. ‘ಕಥೆಗಾರ ಬಂದ್ರು, ಕುರ್ಚಿ ಕೊಡ್ರಿ’ ಅಂತಾರೆ. ಈ ಸಲ ಅವರ ಬಾಯಿ ಮುಚ್ಚಿಸ್ತೀನಿ ಅಂದ್ಕೊಂಡಿದ್ದೆ. ಈಗ ಅದೇ ಬಾಯಿಗೆ ಕಳ್ಳೇಕಾಯಿ ಹಾಕ್ದಂಗಾಯ್ತಲ್ಲಯ್ಯಾ.”

ಬೈಗುಳವೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿ ಸಣ್ಣಗಿತ್ತು.

ಹನುಮಣ್ಣನಿಗೆ ಹೇಳಿ ಕಳಿಸಿದರು. ಅವನು ಬಂದು, ಮೂರನೇ ಫಾರಮ್ಮಿನ ಅಚ್ಚಿನ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಂಚಿಯಾಗಿದೆ, ಮತ್ತೆ ಜೋಡಿಸಿ ಒತ್ತುವುದಕ್ಕೆ ಹನ್ನೆರಡನೇ ತಾರೀಖಿನ ಒಳಗೆ ಆಗುವುದಿಲ್ಲ ಎಂದ. ಪುಸ್ತಕದ ಕೊನೆಗೆ ‘ತಪ್ಪು–ಒಪ್ಪು’ ಎಂದು ಒಂದು ಪುಟ ಹಾಕಬಹುದು. ಎಡಗಡೆ ತಪ್ಪು, ಬಲಗಡೆ ಒಪ್ಪು. ಎಷ್ಟೋ ಪುಸ್ತಕದಲ್ಲಿ ಇರುತ್ತದೆ.

ಮೇಷ್ಟ್ರು, “ಗಿರ್ನಾರದ ಬಂಡೆ ಮೇಲೆ ಆ ಅಶೋಕನೇ ಬರೆಸವ್ನೆ. ಬರಹದಾಗೆ ಎಲ್ಲಾದ್ರೂ ಕೊರತೆ ಕಂಡ್ರೆ ಅದಕ್ಕೆ ಲಿಪಿಕಾರನ ಅಪರಾಧವೂ ಕಾರಣ ಇರಬಹುದು ಅಂತ. ಚಕ್ರವರ್ತಿಗೇ ತಪ್ಪಲಿಲ್ಲ, ನಾನ್ಯಾರು. ತಲೆಬರಹ ಬರ್ಕೊಳ್ಳಯ್ಯಾ: ಲಿಪಿಕಾರನ ಪ್ರಮಾದದಿಂದ ನುಸುಳಿದ ತಪ್ಪುಗಳು” ಎಂದರು.

ಬರೆದುಕೊಂಡೆ. ‘ಪ್ರಮಾದ’ದ ಪ್ರಕ್ಕೆ ಒತ್ತು ಸರಿಯಾಗಿ ಬಂತು.

೨೨-೬-೧೯೯೮, ಸೋಮವಾರ

ಹನುಮಣ್ಣ ಕೆಟ್ಟವನಲ್ಲ. ಆದರೆ ಅವನ ಬಾಯಲ್ಲಿ ಒಂದು ನಗೆಮಾತು ಬೆಳಗಿನಿಂದ ಸಂಜೆಯವರೆಗೆ ಉಳಿಯುವುದಿಲ್ಲ. ಟೀ ಅಂಗಡಿಯಲ್ಲಿ ಹೇಳಿದ್ದಾನೆ. ಟೀ ಅಂಗಡಿಯಿಂದ ತಾಲ್ಲೂಕು ಕಚೇರಿಗೆ ಎಷ್ಟು ದೂರ?

ಬೆಳಿಗ್ಗೆ ಯರ್ರಪ್ಪ ಖಾತೆ ಬದಲಾವಣೆಗೆ ಅರ್ಜಿ ಬರೆಸಲು ಬಂದ. ಪ್ರತಿ ವರ್ಷ ನನ್ನ ಹತ್ತಿರವೇ ಬರೆಸುವವನು. ಬರೆದು ಮುಗಿಸಿದ ಮೇಲೆ, “ರುದ್ರಣ್ಣ, ನಮ್ಮಪ್ಪನ ಹೆಸರು ಯರ್ರಿಸ್ವಾಮಿ. ಅದಕ್ಕೆ ಕಾಯಿಗೀಯಿ ಸೇರಿಸಿಲ್ಲ ತಾನೆ?” ಅಂದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಅವನು ಹಾಳೆ ತಗೊಂಡು ನೆಟ್ಟಗೆ ಬೇವಿನ ಮರದ ಕೆಳಗಿನ ಇನ್ನೊಬ್ಬ ಬರೆಯುವವನ ಹತ್ತಿರ ಹೋಗಿ ಓದಿಸಿ ನೋಡಿದ. ಅದು ನಗೆಮಾತಲ್ಲ.

ಮಧ್ಯಾಹ್ನದ ಮೇಲೆ ಇಬ್ಬರು ನನ್ನ ಮೇಜು ದಾಟಿ ಬೇವಿನ ಮರಕ್ಕೆ ಹೋದರು.

ನನಗೆ ಹೊಲವಿಲ್ಲ, ಅಂಗಡಿಯಿಲ್ಲ. ಇರುವುದು ಒಂದು ನಂಬಿಕೆ: ಇವನ ಕೈಗೆ ಕೊಟ್ಟ ಮಾತು ಕೆಡುವುದಿಲ್ಲ ಎಂದು ಜನ ನಂಬಿರುವುದು. ಅದು ಹೋದರೆ ಮೇಜು ಮನೆಗೆ ಒಯ್ದು ಅದರ ಮೇಲೆ ರೊಟ್ಟಿ ತಟ್ಟಬೇಕು.

೨೫-೬-೧೯೯೮, ಗುರುವಾರ

ತಪ್ಪು–ಒಪ್ಪು ಪುಟಕ್ಕಾಗಿ ಪುಸ್ತಕವನ್ನು ಮೊದಲಿನಿಂದ ಓದುತ್ತಿದ್ದೇನೆ. ನಕಲು ಮಾಡುವಾಗ ನಾನು ಓದಿಯೇ ಇರಲಿಲ್ಲ. ಅಕ್ಷರ ನೋಡಿದ್ದೆ, ಅಷ್ಟೆ. ಚಪಡ ಇಸಿಲಕ್ಕೆ ಬಂದು ಮೂರು ದಿನ ಯಾರ ಭಾಷೆಯೂ ತಿಳಿಯದೆ ಹಸಿದಿರುತ್ತಾನೆ. ಆ ಹೆಂಗಸು ಕೊಟ್ಟ ಹಿಡಿ ಕಾಳು ತಿಂದಮೇಲೆ ಅವನು ಕಲಿಯುವ ಮೊದಲ ಕನ್ನಡದ ಮಾತು ‘ಸಾಕು’. ಇದನ್ನು ನನ್ನ ಕೈಯಾರೆ ಬರೆದಿದ್ದೆನೇ? ಇವತ್ತು ಆ ಪುಟವನ್ನು ಎರಡು ಸಲ ಓದಿದೆ.

ಮೇಷ್ಟ್ರು ಹೇಳಿದ ಗಿರ್ನಾರದ ಮಾತೂ ತಲೆಯಲ್ಲಿ ಸುತ್ತುತ್ತಿದೆ. ರಾಜನ ಕಡೆಯಿಂದ ಬಂದ ಓಲೆಯಲ್ಲೇ ತಪ್ಪಿದ್ದರೆ ಚಪಡ ಏನು ಮಾಡಬೇಕಿತ್ತು? ಇದ್ದ ಹಾಗೆ ಬರೆದರೂ ಅವನ ತಪ್ಪು, ತಿದ್ದಿ ಬರೆದರೂ ಅವನ ತಪ್ಪು. ಅವನು ಯಾರ ಹತ್ತಿರ ಹೋಗಿ ಕೇಳುತ್ತಿದ್ದ?

ಬೇರೆ ತಪ್ಪು ನಾಲ್ಕು ಸಿಕ್ಕಿವೆ. ಎಲ್ಲವೂ ಮೊಳೆ ಜೋಡಿಸುವಾಗ ಆದವು.

೨೭-೬-೧೯೯೮, ಶನಿವಾರ

ಇವತ್ತು ಒಂದು ವಿಚಿತ್ರ. ಒಬ್ಬ ಮುದುಕ ಬಂದು, ಇದೇ ಥರ ಇನ್ನೊಂದು ಬರ್ಕೊಡ್ರಿ ಎಂದು ಹಳೇ ಕರಡನ್ನು ಮುಂದಿಟ್ಟ. ನನ್ನದೇ ಅಕ್ಷರ. ತಿರುಗಿಸಿದರೆ ಹಿಂದೆ ಮೇಷ್ಟ್ರ ಸ್ಕೆಚ್ ಪೆನ್ನು! ಎರಡನೇ ಅಧ್ಯಾಯದ ಒಂದು ಹಾಳೆ.

ಮರೆತೇಬಿಟ್ಟಿದ್ದೆ. ಶಿವರಾತ್ರಿ ಹಿಂದುಮುಂದೆ ನನ್ನ ಹತ್ತಿರ ಬಿಳಿಹಾಳೆ ಮುಗಿದು, ನಕಲಾದ ಹಾಳೆಗಳ ಬೆನ್ನಿಗೆ ಅರ್ಜಿಗಳ ಕರಡು ಬರೆದಿದ್ದೆ. ಎಲ್ಲವೂ ಮಂಜುಳಮ್ಮನ ಒಲೆಗೆ ಹೋಗಿಲ್ಲ.

ನಾನು ಯಾರಿಗೆ ಯಾವ ದಿನ ಏನು ಬರೆದುಕೊಟ್ಟೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳುತ್ತೇನೆ. ಯಾವಾಗ ಯಾರು ಬಂದು ಏನು ಕೇಳುತ್ತಾರೋ ಎಂಬ ಭಯಕ್ಕೆ. ಮೂವತ್ತೇಳನೇ ಪುಟ ಬರುವ ಮೂರನೇ ಅಧ್ಯಾಯ ನಕಲು ಮಾಡಿದ ವಾರ ನಾಲ್ಕು ಕರಡು ಕೊಟ್ಟಿದ್ದೇನೆ. ಮೂವರು ಇದೇ ಊರಿನವರು. ಸಂಜೆಯೊಳಗೆ ಮೂರು ಮನೆಗೂ ಹೋಗಿ ಬಂದೆ. ಒಂದು ಮನೆಯಲ್ಲಿ ಹರಿದು ಹಾಕಿದ್ದಾರೆ. ಇನ್ನೆರಡು ಸಿಕ್ಕವು, ಮೂವತ್ತೇಳನೇ ಪುಟದ ಮಾತು ಅದರಲ್ಲಿಲ್ಲ. ನಾಲ್ಕನೆಯದು ಸಿದ್ದಾಪುರದ ದುರುಗಕ್ಕನದು. ಇಲ್ಲಿ ಮಗಳ ಮನೆಗೆ ಬಂದಾಗ ವಿಧವಾ ಪಿಂಚಣಿಗೆ ಬರೆಸಿದ್ದಳು.

“ಸಿಕ್ಕಿ ಏನ್ ಮಾಡ್ತೀರಿ?” ಎಂದಳು ಸರ್ವಮಂಗಳ. “ತಪ್ಪು ನಂದೇ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೀರಿ.”

“ಕಣ್ಣಿಂದ ನೋಡ್ಬೇಕು.”

“ನೋಡಿ ಇನ್ನಷ್ಟು ಅಳೋಕಾ?”

“ಆಗ್ಲಿ. ನೋಡ್ಬೇಕು.”

ಮಂಗಳವಾರ ಮೇಜು ಹಾಕುವುದಿಲ್ಲ, ಸಿದ್ದಾಪುರಕ್ಕೆ ಹೋಗುತ್ತೇನೆ.

೩೦-೬-೧೯೯೮, ಮಂಗಳವಾರ

ಬಳ್ಳಾರಿ ಬಸ್ಸು ಹತ್ತಿ ಮೊಳಕಾಲ್ಮೂರು ಕಡೆಯ ಹಾನಗಲ್ಲಿನಲ್ಲಿ ಇಳಿದು, ಅಲ್ಲಿಂದ ಟೆಂಪೋದಲ್ಲಿ ಸಿದ್ದಾಪುರ. ದುರುಗಕ್ಕ ಹೊಲದ ಕಡೆ ಹೋಗಿದ್ದಾಳೆ, ಊಟದ ಹೊತ್ತಿಗೆ ಬರುತ್ತಾಳೆ ಎಂದರು. ಅಷ್ಟರಲ್ಲಿ ಶಾಸನವಿರುವ ಬ್ರಹ್ಮಗಿರಿ ಗುಡ್ಡದ ಕಡೆ ನಡೆದೆ. ಇಷ್ಟು ದಿನ ಚಪಡನ ಹೆಸರು ಬರೆದೆ, ಅವನ ಬಂಡೆ ನೋಡಿರಲಿಲ್ಲ.

ಬಂಡೆಗೆ ಕೋಣೆ ಕಟ್ಟಿ ಬೀಗ ಹಾಕಿದ್ದರು. ಜಾಲರಿಗೆ ಮುಖ ಒತ್ತಿ ನೋಡಿದೆ. ಕಡ್ಡಿ ಜೋಡಿಸಿದಂಥ ಅಕ್ಷರ. ಅವನ ಹೆಸರು ಯಾವುದು ಎಂದು ಗೊತ್ತಾಗಲಿಲ್ಲ. ಸಾಲುಗಳು ಕೆಲವು ಕಡೆ ಬಾಗಿವೆ, ಬಂಡೆಯೇ ಹಾಗಿದೆ. ಅದರ ಮೇಲೆ ಬರೆಯುವಾಗ ಅವನ ಕೈ ನಡುಗಿತ್ತೇ ಎಂದು ಯೋಚಿಸುತ್ತ ನಿಂತಿದ್ದೆ. ಎಷ್ಟು ಹೊತ್ತೋ, ಬಿಸಿಲು ನೆತ್ತಿಗೆ ಬಂದಿತ್ತು.

ದುರುಗಕ್ಕ ಮನೆಯಲ್ಲಿದ್ದಳು. ಎಪ್ಪತ್ತರ ಹತ್ತಿರ ಇರಬೇಕು, ಮಾತು ಅರ್ಧ ತೆಲುಗು. ಗುರುತು ಹಿಡಿದಳು.

“ಓ, ಅರ್ಜಿ ಬರೆಯೋ ಅಪ್ಪ! ರಾ, ರಾ, ಕೂರ್ಚೋ. ಪಿಂಚಣಿ ವಚ್ಚಿಂದಪ್ಪಾ. ಬಂದು ಎರಡು ತಿಂಗಳಾತು. ನಿನ್ ಕೈ ಚಲೋದು.”

ನಾನು ಬಂದ ಕೆಲಸ ಹೇಳಿದೆ. ಅವಳು ದೇವರ ಪಟದ ಹಿಂದಿನಿಂದ ಮಡಿಚಿದ ಹಾಳೆ ತೆಗೆದಳು. ಅರಿಶಿನ ಹಚ್ಚಿದ್ದಳು. ಕೈ ಚಾಚಿದೆ. ಎದೆಗೆ ಒತ್ತಿಕೊಂಡಳು.

“ಇಯ್ಯನು, ಕೊಡಲ್ಲ. ಇದು ನಾದಿ, ನಂದು. ಕಚೇರಿಯೋರ ಹತ್ರ ಒಂದು, ನನ್ನ ಹತ್ರ ಒಂದು. ಇದು ಮನೇಲಿದ್ರೇನೇ ಅದು ಬರೋದು. ಕೊಟ್ಟುಬಿಟ್ರೆ ನಿಂತೋದ್ರೆ?”

“ಇದು ಬರೀ ಕರಡು ಕಣಕ್ಕಾ. ಇದಕ್ಕೂ ಪಿಂಚಣಿಗೂ ಸಂಬಂಧ ಇಲ್ಲ.”

“ನಿಂಗೇನ್ ಗೊತ್ತು? ಬರೆಯೋದು ನಿಂಗೆ ಗೊತ್ತು. ಬರೋದು ನಂಗೆ ಗೊತ್ತು.”

ಕೊನೆಗೆ ಒಪ್ಪಂದವಾಯಿತು. ಅದೇ ಥರ ಇನ್ನೊಂದನ್ನು ಒಳ್ಳೆಯ ಹಾಳೆಯಲ್ಲಿ ಬರೆದುಕೊಟ್ಟರೆ ಇದನ್ನು ಬಿಟ್ಟುಕೊಡುತ್ತಾಳೆ. “ಹಂಗೇ ಇರ್ಬೇಕು. ಒಂದು ಅಕ್ಷರ ಕಮ್ಮಿ ಆಗ್ಬಾರ್ದು, ಒಂದು ಜಾಸ್ತಿ ಆಗ್ಬಾರ್ದು.”

ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ. ಬೆನ್ನ ಕಡೆ ಸ್ಕೆಚ್ ಪೆನ್ನಿನ ನೀಲಿ ತೋರುತ್ತಿತ್ತು. ತಿರುಗಿಸಲಿಲ್ಲ. ಧೈರ್ಯ ಬರಲಿಲ್ಲ. ಮೊದಲು ಅವಳ ಕೆಲಸ ಮುಗಿಸಿದೆ. ಮುಗಿಸಿ ಕೊಟ್ಟರೆ ಅವಳು ಎರಡನ್ನೂ ಪಕ್ಕ ಪಕ್ಕ ಹಿಡಿದು, ಓದಲು ಬಾರದ ಕಣ್ಣಿನಿಂದ ಒಂದೊಂದು ಸಾಲನ್ನೂ ಬೆರಳಿಟ್ಟು ನೋಡಿದಳು. ಐದನೇ ಸಾಲಿನಲ್ಲಿ ಬೆರಳು ನಿಂತಿತು.

“ಇಲ್ಲಿ ಗೀಚಿದ್ದು ಎಲ್ಲೈತೆ?”

ಕರಡಿನಲ್ಲಿ ನಾನು ಒಂದು ಮಾತು ಹೊಡೆದುಹಾಕಿ ಮೇಲೆ ಬೇರೆ ಬರೆದಿದ್ದೆ. ಹೊಸದರಲ್ಲಿ ಸರಿಯಾದ ಮಾತನ್ನಷ್ಟೇ ಬರೆದಿದ್ದೆ.

“ಅದು ತಪ್ಪಕ್ಕಾ. ಅದಕ್ಕೇ ಬಿಟ್ಟೆ.”

“ಬಿಡೋಕೆ ನೀ ಯಾರು? ಅದೂ ಇದ್ದಾಗ್ಲೇ ಬಂದಿದ್ದು. ಹಾಕು.”

ಇನ್ನೊಂದು ಹಾಳೆ ತೆಗೆದು ಮತ್ತೆ ಬರೆದೆ, ತಪ್ಪನ್ನೂ ಬರೆದೆ, ಅದರ ಮೇಲೆ ಅಷ್ಟೇ ಉದ್ದಕ್ಕೆ ಗೆರೆಯನ್ನೂ ಎಳೆದೆ. ಆಗ ಬಿಟ್ಟುಕೊಟ್ಟಳು.

ತಿರುಗಿಸಿದೆ.

‘ಇಸಿಲದ ಆ ಹೆಂಗಸು ಮಡಿಲಿನಿಂದ ಒಂದು ಹಿಡಿ ಹುರಿದ ಕಡಲೆಕಾಯಿ’. ಮೇಷ್ಟ್ರ ಕೈ. ‘ಕಾ’ದ ಇಳಿ ಹಾಳೆಯ ಅಂಚಿನವರೆಗೂ ಎಳೆದಿದೆ. ‘ಯಿ’ ಮುಂದಿನ ಸಾಲಿಗೆ ಹೋಗಿದೆ. ಮೂರು ಸಲ ಓದಿದೆ. ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಓದಿದೆ. ನಾನು ಸೇರಿಸಿದ್ದಲ್ಲ. ನನ್ನ ಕೈ ಇದ್ದದ್ದನ್ನು ಇದ್ದ ಹಾಗೆ ಬರೆದಿತ್ತು.

“ಏನೈತಪ್ಪಾ ಆ ಕಡೆ?” ಎಂದಳು ದುರುಗಕ್ಕ.

ಓದಿ ಹೇಳಿದೆ. ಪರದೇಶಿ ಹಸಿದು ಕೂತದ್ದು, ಹೆಂಗಸು ಬಂದದ್ದು, ಎಲ್ಲ. ನಿಮ್ಮೂರಿನ ಇದೇ ಗುಡ್ಡದ ಕೆಳಗೆ ಎಂದು 
ಹೇಳಿದೆ.

“ಕಳ್ಳೇಕಾಯಿ ಕೊಟ್ಲಾ? ಮಂಚಿದಿ. ಒಳ್ಳೇ ಹೆಂಗಸು.”

“ಆವಾಗ ಕಳ್ಳೇಕಾಯಿ ಇರ್ಲಿಲ್ಲ ಕಣಕ್ಕಾ. ಈಚೆಗೆ ಬಂದಿದ್ದು, ಬೇರೆ ದೇಶದಿಂದ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಯಾರೇಳಿದ್ರು ನಿಂಗೆ? ಈ ಮಣ್ಣಿನಾಗೆ ಕಳ್ಳೇಕಾಯಿ ಇಲ್ದೆ ಏನಿತ್ತು? ನಮ್ಮ ಅಬ್ಬೆ ಬೆಳೆದ್ಲು, ಅವಳ ಅಬ್ಬೆ ಬೆಳೆದ್ಲು. ಮನೆ ಬಾಗಿಲಿಗೆ ಬಂದೋನಿಗೆ ಇನ್ನೇನ್ ಕೊಡ್ತಾರೆ ನಮ್ ಕಡೆ?”

ಹೌದು. ಇನ್ನೇನು ಕೊಡುತ್ತಾರೆ. ಮೇಷ್ಟ್ರಿಗೂ ಹೀಗೇ ಆಗಿದೆ. ಆ ಹೆಂಗಸು ಮಡಿಲಿಗೆ ಕೈ ಹಾಕಿದಾಗ ಏನು ಸಿಕ್ಕಬೇಕೋ ಅದೇ ಅವರ ಪೆನ್ನಿಗೆ ಸಿಕ್ಕಿದೆ. ಅವರಿಗೆ ಗೊತ್ತೂ ಆಗಿಲ್ಲ.

ಹೊರಡುವಾಗ ದುರುಗಕ್ಕ ನನ್ನ ಚೀಲಕ್ಕೆ ಎರಡು ಹಿಡಿ ಸುರಿದಳು. ಏನು ಎಂದು ಬರೆಯುವ ಅಗತ್ಯವಿಲ್ಲ.

೧-೭-೧೯೯೮, ಬುಧವಾರ

ಹಾಳೆ ಟ್ರಂಕಿನಲ್ಲಿದೆ. ನಾನು ಸರಿ ಎಂದು ಗೊತ್ತಾದಮೇಲೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ.

೪-೭-೧೯೯೮, ಶನಿವಾರ

ಸರ್ವಮಂಗಳ ಮೂರು ದಿನದಿಂದ ಒಂದೇ ಮಾತು. “ಒಯ್ದು ತೋರಿಸ್ರಿ. ಪ್ರೆಸ್ಸಿನ ಬಾಗಿಲಿಗೂ ಒಂದು ಕಾಪಿ ಅಂಟಿಸ್ರಿ.”

“ಮೇಷ್ಟ್ರ ಗತಿ?”

“ನಿಮ್ ಗತಿ? ಬೇವಿನ ಮರದ ಕೆಳಗೆ ಸಾಲು ಎಷ್ಟುದ್ದ ಇತ್ತು ಅಂತ ನಾನೂ ನೋಡೀನಿ.”

ಅವಳು ಹೇಳುವುದು ಸುಳ್ಳಲ್ಲ. ಈ ವಾರ ನನ್ನ ಮೇಜಿಗೆ ಬಂದವರು ಮೂರೇ ಜನ.

ಸಂಜೆ ಮೇಷ್ಟ್ರು ಕರೆಸಿದ್ದರು. ತಪ್ಪು–ಒಪ್ಪು ಪುಟದ ಕರಡು ಬಂದಿತ್ತು. ಹಾಳೆಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋದೆ. ಅವತ್ತಿನ ಹಾಗಿರಲಿಲ್ಲ ಅವರು. ಕೂರು ಎಂದರು, ಕೂತೆ.

“ಕೋಪದಾಗೆ ಏನೇನೋ ಅಂದೆ. ಮನಸ್ಸಿಗೆ ಹಚ್ಕೋಬೇಡಯ್ಯಾ. ನೋಡು, ನಿನ್ನ ಹೆಸರು ಹಾಕ್ಸಿಲ್ಲ. ಬರೀ ಲಿಪಿಕಾರ ಅಂತ ಐತೆ. ಯಾರಿಗೆ ಗೊತ್ತಾಗ್ತೈತೆ?”

“ಚಳ್ಳಕೆರೆಗೆಲ್ಲ ಗೊತ್ತೈತೆ ಮೇಷ್ಟ್ರೆ” ಎಂದೆ. ಎಂದಮೇಲೆ, ನಾನೇ ಅಂದೆನೇ ಎಂದು ನೋಡಿಕೊಂಡೆ.

ಮಂಜುಳಮ್ಮ ತಟ್ಟೆ ತಂದಿಟ್ಟರು. ಹುರಿದದ್ದು, ಇನ್ನೂ ಬಿಸಿ. ಮೇಷ್ಟ್ರು ಸಭೆಯಲ್ಲಿ ಯಾರು ಯಾರು ಇರುತ್ತಾರೆ, ಯಾರು ಏನು ಕೊಂಕು ತೆಗೆಯುತ್ತಾರೆ ಎಂದು ಹೇಳುತ್ತ, ತಟ್ಟೆ ನೋಡದೆಯೇ ಒಂದೊಂದನ್ನು ಎತ್ತಿ, ಬೆರಳಲ್ಲಿ ಒತ್ತಿ ಸಿಪ್ಪೆ ಒಡೆದು, ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಣ್ಣು ಕಾಣದಿದ್ದರೂ ಒಂದು ಕಾಳೂ ಕೆಳಗೆ ಬೀಳಲಿಲ್ಲ. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಜೇಬಿನ ಹಾಳೆ ತೆಗೆಯಲು ಆಗಲಿಲ್ಲ. ಅಷ್ಟು ಹತ್ತಿರ ಕೂತು ಹೇಗೆ ತೆಗೆಯಲಿ?

“ಕರಡು ಒಯ್ದು ಕೊನೇ ಸಲ ನೋಡಿ ಕೊಡು. ಸೋಮವಾರ ಒಂದು ಸಲ ನನ್ನ ಹತ್ರ ಬಂದು, ಆಮೇಲೆ ಅಚ್ಚಿಗೆ ಹೋಗ್ಲಿ” ಎಂದರು.

೫-೭-೧೯೯೮, ಭಾನುವಾರ

ಎರಡು ದಾರಿ ಇವೆ. ಹಾಳೆಯನ್ನು ಒಲೆಗೆ ಹಾಕುವುದು ಒಂದು. ಎಲ್ಲರಿಗೂ ತೋರಿಸುವುದು ಇನ್ನೊಂದು. ಮೊದಲನೆಯದು ಮಾಡಿದರೆ ನಾನು ಬದುಕಿರುವವರೆಗೆ ‘ಕಳ್ಳೇಕಾಯಿ ರುದ್ರ’. ಎರಡನೆಯದು ಮಾಡಿದರೆ ಆ ಮುದುಕರು ಮತ್ತೆ ಪೆನ್ನು ಹಿಡಿಯುವುದಿಲ್ಲ.

ಮಧ್ಯಾಹ್ನ ಕರಡು ತೆಗೆದು ನೋಡಿದೆ. ಎಡಗಡೆ ತಪ್ಪು, ಬಲಗಡೆ ಒಪ್ಪು. ಒಪ್ಪು ಎಂದರೆ ಸರಿಯಾದದ್ದು ಎಂದೇ ಇಷ್ಟು ದಿನ ಓದಿಕೊಂಡಿದ್ದೆ. ಒಪ್ಪಿಕೋ ಎಂದು ಯಾರಿಗೋ ಹೇಳಿದ ಹಾಗೂ ಕಾಣುತ್ತದೆ. ನಾನು ಒಪ್ಪಿದ್ದಾಯಿತು, ನೋಡದೆಯೇ ಒಪ್ಪಿದ್ದು. ಇದು ಇನ್ನೊಬ್ಬರ ಪುಸ್ತಕ. ಬಲಗಡೆಯ ಮಾತು ಅವರು ಹೇಳಬೇಕಾದದ್ದು.

ಸರ್ವಮಂಗಳಳಿಗೆ ಹೇಳಿದೆ: ಅವರೊಬ್ಬರಿಗೇ ತೋರಿಸುತ್ತೇನೆ, ಮುಂದಿನದು ಅವರಿಗೆ ಬಿಟ್ಟದ್ದು.

“ಅವರು ಒಲೆಗೆ ಹಾಕಿದ್ರೆ?”

“ಹಾಕ್ಲಿ. ಓದಿ ಹಾಕ್ಲಿ.”

“ಇವತ್ತು ಹೊಟ್ಟೆ ನೋವು ಅಂತ ಒಂದು ಸಲಾನೂ ಅನ್ಲಿಲ್ಲ ನೀವು” ಎಂದಳು. ಹೌದೇ? ಗಮನಿಸಿರಲಿಲ್ಲ.

೬-೭-೧೯೯೮, ಸೋಮವಾರ

ಕರಡಿನ ಜೊತೆ ಇಡಲು ಒಂದು ಚೀಟಿ ಬರೆದೆ. ಮೊದಲ ಸಲ ಬರೆದಾಗ ‘ತಮ್ಮ ಪಾದಾರವಿಂದಗಳಿಗೆ ನಮಿಸಿ, ಈ ಬಡವನನ್ನು ಮನ್ನಿಸಬೇಕೆಂದು’ ಎಂದು ಶುರುವಾಯಿತು. ಹದಿನೆಂಟು ವರ್ಷದಿಂದ ಎಲ್ಲ ಅರ್ಜಿಯೂ ಹಾಗೇ ಶುರುವಾಗುವುದು. ಹರಿದು ಹಾಕಿದೆ. ಎರಡನೆಯದರಲ್ಲಿ ಸಿದ್ದಾಪುರದ ಕಥೆಯೆಲ್ಲ ಬಂದು ಎರಡು ಪುಟವಾಯಿತು. ಅದನ್ನೂ ಹರಿದೆ. ಮೂರನೆಯದನ್ನು ದಪ್ಪ ಸ್ಕೆಚ್ ಪೆನ್ನಿನಲ್ಲಿ, ಅವರ ಕಣ್ಣಿಗೆ ಕಾಣುವ ಹಾಗೆ, ದೊಡ್ಡಕ್ಷರದಲ್ಲಿ ಬರೆದೆ. ಅರಿಶಿನದ ಗುರುತಿದ್ದ ಹಾಳೆಯನ್ನು ಅದರ ಕೆಳಗೆ ಇಟ್ಟೆ. ಮಂಜುಳಮ್ಮನ ಕೈಗೆ ಕೊಡಲಿಲ್ಲ. ಒಳಗೆ ಹೋಗಿ ಮೇಷ್ಟ್ರ ಕೈಗೇ ಕೊಟ್ಟು, ಹೊರಗೆ ಜಗುಲಿಯ ಮೇಲೆ ಕೂತಿದ್ದೇನೆ. ಇಲ್ಲಿಂದಲೇ ಇದನ್ನು ಬರೆಯುತ್ತಿದ್ದೇನೆ. ಚೀಟಿಯ ನಕಲು ನನ್ನ ಗುರುತಿಗೆ:

‘ಮೇಷ್ಟ್ರಿಗೆ ನಮಸ್ಕಾರ. ತಪ್ಪು–ಒಪ್ಪಿನ ಕರಡು ನೋಡಿದ್ದೇನೆ. ಪುಟ, ಸಾಲು, ಅಕ್ಷರ ಎಲ್ಲ ಸರಿ ಇದೆ. ತಲೆಬರಹದಲ್ಲಿ ‘ಲಿಪಿಕಾರನ ಪ್ರಮಾದದಿಂದ’ ಎಂದಿದೆ. ಕೆಳಗಿಟ್ಟ ಹಾಳೆಯನ್ನು ಬೆಳಕಿಗೆ ಹಿಡಿದು ಓದಿ, ಆ ಮಾತೊಂದನ್ನು ಅಚ್ಚಿಗೆ ಹೋಗುವ ಮುಂಚೆ ದಯವಿಟ್ಟು ಇನ್ನೊಮ್ಮೆ ನೋಡಿ.’